ಫರಾಜನಿಗೆ ಕೊಟ್ಟ ರ್ಯಾಮ್

ಸಂಜಯ ಮೂರು ವರ್ಷದಿಂದ ಕಟ್ಟಬೇಕೆಂದಿದ್ದ ಕಂಪ್ಯೂಟರನ್ನು ಪಕ್ಕದ ಮನೆಯ ಫರಾಜ ಮೂರೇ ದಿನದಲ್ಲಿ ಮುಕ್ಕಾಲು ಕಟ್ಟಿ ಮುಗಿಸಿದ್ದ.

ಸಂಜಯ ಶಿರಸಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುವವನು. ಇಸಳೂರಿನ ಹೊಸ ಮನೆಗೆ ಬಂದ ವರ್ಷವೇ ಡಿವಿಡಿ ಪ್ಲೇಯರ್ ಕೆಟ್ಟಿತ್ತು. ತಾಯಿ ಚೌಡಮ್ಮನ ಹತ್ತಿರ ಎಂಟು ಡಿವಿಡಿಗಳಿದ್ದವು. ತೀರಿಹೋದ ಅವಳ ಅಣ್ಣ ಕೆರಿಯಪ್ಪ ತ್ಯಾಗಲಿ ಕಡೆ ವೇಷ ಕಟ್ಟಿ ಕುಣಿದ ಯಕ್ಷಗಾನದ ಆಟಗಳವು.

"ಮತ್ತೊಂದು ಪ್ಲೇಯರ್ ಎಂತಕ್ಕೆ ಅವ್ವ? ಹಳೇ ಸ್ಪೇರಿಂದ ಟಿವಿಗೆ ಹಚ್ಚೋ ಕಂಪ್ಯೂಟರನ್ನೇ ಮಾಡಿಕೊಡ್ತೆ" ಎಂದಿದ್ದ ಸಂಜಯ.

ಬಿಡಿಭಾಗಗಳನ್ನು ಒಂದೊಂದಾಗಿ ತಂದ. ಬೂಷ್ಟು ಹಿಡಿಯದಂತೆ ಒಂದೊಂದನ್ನೂ ಚೀಲದಲ್ಲಿಟ್ಟ, ಪರೀಕ್ಷಿಸಿದ ತಾರೀಕನ್ನು ವಹಿಯಲ್ಲಿ ಬರೆದ. ಸದ್ದು ಮಾಡದ ಫ್ಯಾನು ಸಿಕ್ಕಮೇಲೆ ಜೋಡಿಸುವುದೆಂದು ಕಾದ. ಕಾಯುತ್ತಲೇ ಇದ್ದ.

ಫರಾಜ ಸಾಮಾನು ಸಾಗಿಸುವ ಟೆಂಪೋ ಓಡಿಸುವವನು. ಯಲ್ಲಾಪುರದಲ್ಲಿ ಸೈಬರ್ ಅಂಗಡಿಯೊಂದು ಮುಚ್ಚಿದಾಗ ಅಲ್ಲಿಯ ಮೂರು ಸತ್ತ ಕಂಪ್ಯೂಟರುಗಳನ್ನು ಮನೆಗೆ ತಂದ. ಮೊಬೈಲಿನಲ್ಲಿ ವಿಡಿಯೊ ನೋಡಿ ಬಿಚ್ಚಿದ, ಬೇಕರಿಯ ದೊಡ್ಡ ಬಿಸ್ಕಿಟ್ ಡಬ್ಬದೊಳಗೆ ಮತ್ತೆ ಜೋಡಿಸತೊಡಗಿದ. ಚೌಡಮ್ಮ ಮೂರು ದಿನವೂ ಅಲ್ಲೇ. ಫರಾಜನ ತಾಯಿ ರಹಿಮತ್‌ಬಿಯ ಜೊತೆ ಕುಳಿತು ಸ್ಕ್ರೂ ಆರಿಸಿಕೊಟ್ಟು ಬರುತ್ತಿದ್ದಳು.

"ಮೊಳೆ ಹೊಡ್ದು ಡಬ್ಬಕ್ಕೆ ತೂತು ಮಾಡ್ದ ನೋಡು. ನಿನ್ನ ಹಾಂಗೆ ಪಟ್ಟಿ ಬರಕಂಡು ಕೂರೂದಿಲ್ಲ ಅಂವ."

ಊಟಕ್ಕೆ ಕುಳಿತಿದ್ದ ಸಂಜಯನಿಗೆ ಬಡಿಸುತ್ತ ಅವ್ವ ಹೇಳಿದಳು. ಮಾವನ ಆಟವನ್ನು ಅವ್ವನಿಗೆ ತೋರಿಸಬೇಕಾದವನು ತಾನು. ಆ ಮೊಳೆ ಹೊಡೆಯುವವನಲ್ಲ.

ಶನಿವಾರ ಸಂಜೆ ಫರಾಜನೇ ಬಾಗಿಲಿಗೆ ಬಂದ.

"ಒಂದು ರ್ಯಾಮ್ ಬೇಕಿತ್ತು ಸಾರ್. ಸೈಬರಿನವ ಅದನ್ನ ಮಾತ್ರ ಕಿತ್ಕೊಂಡುಬಿಟ್ಟಾನೆ."

ಸಂಜಯನ ಬಳಿ ಬೆರಳುದ್ದದ ಆ ಪಟ್ಟಿಗಳು ಎರಡಿದ್ದವು. ಒಂದು ಚೆನ್ನಾಗಿತ್ತು. ಇನ್ನೊಂದನ್ನು ಮೂರು ಸಲ ಪರೀಕ್ಷಿಸಿದ್ದ; ಮೂರು ಸಲವೂ ಕಾಲೇಜಿನ ಕಂಪ್ಯೂಟರು ಬೀಪ್ ಎಂದು ಕೂಗಿ ನಿಂತಿತ್ತು. ಹಾಳಾದದ್ದನ್ನೇ ಚೀಲದಿಂದ ತೆಗೆದು ಕೊಟ್ಟ. ಫರಾಜ ಎರಡೂ ಕೈಯಲ್ಲಿ ಇಸಿದುಕೊಂಡ.

ಭಾನುವಾರ ಮಧ್ಯಾಹ್ನ ಫರಾಜನ ಮನೆಯಿಂದ ಕರೆ ಬಂತು. ಬೀಪ್ ಕೇಳಲೆಂದೇ ಸಂಜಯ ಹೋದ. ಚಾಪೆಯ ಮೇಲೆ ಎರಡೂ ಮುದುಕಿಯರು, ಟಿವಿಯ ಮುಂದೆ ಬಿಸ್ಕಿಟ್ ಡಬ್ಬ. ಫರಾಜ ಗುಂಡಿ ಒತ್ತಿದ. ಬೀಪ್. ಮತ್ತೆ ಬೀಪ್. ಸಂಜಯನ ಎದೆ ಹಗುರಾಯಿತು.

"ನನ್ನ ಕೈಯಲ್ಲೇ ಎಂತೋ ತಪ್ಪಾಗದೆ" ಎಂದ ಫರಾಜ. "ಸಾರ್ ಕೊಟ್ಟದ್ದು ಹಾಳಿರೂದಿಲ್ಲ. ಅಮ್ಮೀ, ಒಂದು ರಬ್ಬರ್ ಕೊಡಿ."

ಪೆನ್ಸಿಲ್ ಅಳಿಸುವ ರಬ್ಬರಿನಿಂದ ಪಟ್ಟಿಯ ಹೊಂಬಣ್ಣದ ಅಂಚನ್ನು ತಿಕ್ಕಿದ. ರಬ್ಬರು ಕಪ್ಪಾಯಿತು. ಪಟ್ಟಿಯನ್ನು ಒತ್ತಿ ಕೂರಿಸಿ ಮತ್ತೆ ಗುಂಡಿ ಒತ್ತಿದ.

ಪರದೆ ಬೆಳಗಿತು.

ಕಿಲುಬು! ಬರೀ ಕಿಲುಬು. ಮೂರು ಸಲ ಪರೀಕ್ಷಿಸಿ ವಹಿಯಲ್ಲಿ ಬರೆದವನಿಗೆ ತಿಕ್ಕಿ ನೋಡಬೇಕೆಂದು ಹೊಳೆದಿರಲಿಲ್ಲ. ಡಿಗ್ರಿ ಓದಿದವನ ಮುಂದೆ ಹತ್ತನೇ ಇಯತ್ತೆ ದಾಟದವನು ಎರಡು ನಿಮಿಷದಲ್ಲಿ ಅದನ್ನು ಬದುಕಿಸಿದ್ದ.

ಡಿವಿಡಿ ಹಾಕಿದರು. ಚೆಂಡೆ ಕೇಳಿಸಿತು, ಆದರೆ ಚಿತ್ರ ಹೆಜ್ಜೆಗೊಮ್ಮೆ ತಡೆದು ನಿಂತಿತು.

"ಒಂದೇ ರ್ಯಾಮ್ ಸಾಲೂದಿಲ್ಲ ಕಾಣ್ತದೆ" ಎಂದ ಫರಾಜ.

"ಇನ್ನೊಂದು ಅದೆಯಲ್ಲೋ ನಿನ್ನ ಹತ್ರ! ತಕಂಬಾ" ಎಂದಳು ಚೌಡಮ್ಮ.

ಅವ್ವನಿಗೆ ಇಲ್ಲವೆನ್ನುವಂತಿರಲಿಲ್ಲ. ಸಂಜಯ ಮನೆಗೆ ಹೋಗಿ ಚೆನ್ನಾಗಿದ್ದದ್ದನ್ನೇ ತಂದ. ಫರಾಜ ಅದನ್ನೂ ತಿಕ್ಕಲು ರಬ್ಬರು ಎತ್ತಿಕೊಂಡಾಗ ತಡೆಯಲಾಗಲಿಲ್ಲ.

"ಇದಕ್ಕೆ ತಿಕ್ಕೂದು ಬ್ಯಾಡ ಮಾರಾಯಾ. ಇದು ಚೊಲೋದು, ನಾನೇ ಟೆಸ್ಟ್ ಮಾಡಿಟ್ಟದ್ದು."

ಫರಾಜನ ಕೈ ನಿಂತಿತು.

"ಹಂಗಾರೆ ಮೊದ್ಲಿಂದು, ಸಾರ್?"

ಸಂಜಯ ಡಬ್ಬದ ಕಡೆ ತಿರುಗಿದ. ಆಡಿದ ಮಾತು ಆಗಲೇ ಎಲ್ಲ ಹೇಳಿಬಿಟ್ಟಿತ್ತು. ಫರಾಜ ಒಂದು ಕ್ಷಣ ಅವನನ್ನೇ ನೋಡಿ ಕಣ್ಣು ತಗ್ಗಿಸಿದ.

"ಎಂತಾತ್ರೋ? ಮತ್ತೆ ಕೆಡ್ತಾ?" ಚೌಡಮ್ಮ ಕೇಳಿದಳು.

"ಎಂತ ಇಲ್ಲ ಚೌಡಮ್ಮ. ಸಾರ್ ಎರಡೂ ಚೊಲೋದೇ ಕೊಟ್ಟಾರೆ" ಎಂದ ಫರಾಜ, ಪಟ್ಟಿಯನ್ನು ಒತ್ತಿ ಕೂರಿಸುತ್ತ.

ಈ ಸಲ ಕೆರಿಯಪ್ಪ ತಡೆಯಿಲ್ಲದೆ ಕುಣಿದ. "ನೋಡೇ ರಹಿಮತ್‌ಬಿ, ನಮ್ಮಣ್ಣ! ಕಾಲು ನೋಡು ಅವಂದು!" ಎಂದು ಚೌಡಮ್ಮ ಗೆಳತಿಯ ತೊಡೆ ತಟ್ಟಿದಳು. ಆಮೇಲೆ ಮಗನ ಕಡೆ ತಿರುಗಿ, "ಕೊಡೂದು ಹೌದಾದ್ರೆ ನಿನ್ನೆನೇ ಎರಡೂ ಕೊಡಬಾರ್ದಾಗಿತ್ತನಾ?" ಎಂದು ನಕ್ಕಳು.

ಫರಾಜ ಚಾಪೆಯ ಅಂಚಿಗೆ ಸರಿದು ಜಾಗ ಮಾಡಿಕೊಟ್ಟ. ಸಂಜಯ ಬಾಗಿಲ ಬಳಿಯೇ ನಿಂತ. ಫರಾಜ ನಾಲ್ಕು ಮಾತು ಬೈದಿದ್ದರೆ ಸಹಿಸಬಹುದಿತ್ತು. ಬೈಯದೆ ಮುಚ್ಚಿಟ್ಟಿದ್ದ. ಮಾಡಲು ಬರುವ ಅವನ ಕೈಯ ಮೇಲೆ ಇಷ್ಟು ದಿನ ಇದ್ದ ಹೊಟ್ಟೆಕಿಚ್ಚು ಈಗ ಅವನ ಆ ಮನಸ್ಸಿನ ಮೇಲೂ ಹೊತ್ತಿಕೊಂಡಿತು. ಅಂಥ ಮನಸ್ಸು ತನ್ನ ಯಾವ ಚೀಲದಲ್ಲೂ ಇರಲಿಲ್ಲ.