ಚಮೇಲಿ ಮೈ ತುಂಬಿಕೊಂಡ ಹನ್ನೆರಡು ದಿನ

ಬೆಳಕಿಂಡಿಯಿಂದ ಇಳಿದ ಬಿಸಿಲು ಬಾಲದ ಮೇಲಿತ್ತು, ಈಗ ಬೆನ್ನಿಗೆ ಬಂದಿದೆ, ಇನ್ನೊಂದು ಗಳಿಗೆಗೆ ಕಿವಿ ಮುಟ್ಟುತ್ತದೆ, ಆಗ ಚಮೇಲಿ ಕಣ್ಣು ಪಿಳುಕಿಸಿ ಏಳುತ್ತದೆ, ಎದ್ದರೆ ನಾಲ್ಕನೆಯ ಊಟದ ಹೊತ್ತು — ಈ ಹೊಟ್ಟಿನ ಕೋಣೆಯಲ್ಲಿ ಪೀರಪ್ಪನಿಗೆ ಗಡಿಯಾರವೆಂದರೆ ಇದೊಂದೇ, ಹನ್ನೆರಡು ದಿನದಿಂದ ಇದೊಂದೇ, ಹೊರಗೆ ಚಿಲಕ, ಒಳಗೆ ಹೊಟ್ಟು, ಮೂಗಿನಲ್ಲಿ ಹೊಟ್ಟು, ಕನಸಿನಲ್ಲೂ ಹೊಟ್ಟು, ಬೆಳಿಗ್ಗೆ ಒಂದು ಸಲ ಹಿತ್ತಲಿಗೆ ಬಿಡುತ್ತಾರೆ, ಅದೂ ನಾಯಿಗೆ ಬಂದಾಗ, ಅವನಿಗೆ ಬಂದಾಗ ಅಲ್ಲ. ಎಂಥ ನಾಯಿ ಇದು, ಅಂಗೈ ಮೇಲೆ ಕೂರಿಸಿದರೆ ಬೆರಳು ಕಾಣುತ್ತವೆ, ನಮ್ಮೂರು ನರೋಣಾದ ಬೀದಿ ನಾಯಿಗಳು ಇದನ್ನು ಇಲಿ ಎಂದುಕೊಂಡು ಬೆಕ್ಕಿಗೆ ಹೇಳಿ ಕಳಿಸುತ್ತಿದ್ದವು; ಗುಲ್ಬರ್ಗಾದ ದೊಡ್ಡ ಸಾಹೇಬರ ಬೇಗಂ ಅಜ್ಮೀರಕ್ಕೆ ಹೊರಟಾಗ, ನಮ್ಮ ಮನ್ಯಾಗ ಬಿಡ್ರಿ, ಮಗಳಂಗ ಇರ್ತದ ಎಂದು ದೌಲತರಾಯ ಸಾವಕಾರರೇ ಕೈಯೊಡ್ಡಿ ತಂದದ್ದು, ಮಗಳ ಹಾಗೇ ನೋಡಿಕೊಂಡರು ಪಾಪ, ದಿನಾ ಹೋಳಿಗೆ, ಹೋಳಿಗೆ ಮುಳುಗುವಷ್ಟು ತುಪ್ಪ, ಸೋಮವಾರ ಮನೆಮಂದಿಗೆಲ್ಲ ಉಪವಾಸ, ನಾಯಿಗೂ ಉಪವಾಸ, ಶಿವನ ಮನಿಗಿ ಬಂದ ಮ್ಯಾಲ ನೇಮ ಬ್ಯಾಡೇನು ಎಂದು ಸಾವಕಾರರ ಹೆಂಡತಿ ಸುಮಿತ್ರಾಬಾಯಿ ಅದರ ಹಣೆಗೆ ವಿಭೂತಿಯನ್ನೂ ಎಳೆದರಂತೆ, ಚಮೇಲಿ ತಿಂದದ್ದರಲ್ಲಿ ಅರ್ಧ ಬಂದ ದಾರಿಯಲ್ಲೇ ವಾಪಸ್ಸು, ಉಳಿದರ್ಧ ಹಿಂದಿನ ದಾರಿಯಲ್ಲಿ, ತಿಂಗಳೊಳಗೆ ಎಲುಬಿನ ಹಂದರ. ಆಗಲಾದರೂ ಸುಮ್ಮನಿರಬೇಕಿತ್ತು ಈ ನಾಲಿಗೆ, ನಾಲ್ಕು ಮಂದಿ ಕೂತದ್ದು ಕಂಡರೆ ತುರಿಸುವ ನಾಲಿಗೆ, ಅಂಗಳದ ಆಚೆ ನಿಂತೇ ಶುರುಮಾಡಿದ, ಸಾವಕಾರ್ರ, ಚೌಡಾಪುರದಾಗ ಒಂದ ನಾಯಿ ಇದಕ್ಕಿಂತ ಬಡಕಲ ಇತ್ರಿ, ಗಾಳಿ ಬೀಸಿದ್ರ ಹಾರಿ ಭೀಮಾ ಹೊಳಿ ಆಚಿ ಬೀಳ್ತಿತ್ರಿ, ಕೊರಳಿಗಿ ಬೀಸೂ ಕಲ್ಲ ಕಟ್ಟತಿದ್ರು, ನಾ ದಿನಾ ಒಂದ ಗಡಗಿ ತುಪ್ಪ ಕುಡಿಸಿದ್ನಿ, ಹದಿನೈದ ದಿನಕ್ಕ ಕರಾ ಆತು, ತಿಂಗಳಿಗಿ ನೇಗಿಲಾ ಹೂಡಿದ್ರು ನೋಡ್ರಿ — ಕೂತವರೆಲ್ಲ ಹೊಟ್ಟೆ ಹಿಡಿದು ನಕ್ಕರು, ದೌಲತರಾಯರೊಬ್ಬರು ನಗಲಿಲ್ಲ. ಬಾ ಲೇ ಪೀರ್ಯಾ, ನೀನೇ ಮಾಡ ಬಾ, ಬೇಗಂ ಸಾಹೇಬ್ರು ಬರೂದ್ರಾಗ ಇದರ ಎಲುಬ ಕಾಣಬಾರ್ದು, ಸತ್ತಗಿತ್ತಿತಂದ್ರ ನೀನೇ ವಿಷಾ ಹಾಕೀದಿ ಅಂತ ಪೊಲೀಸ ಅಮೀನರ ಕೈಯಾಗ ಕೊಡ್ತೇನಿ ಮಗನ — ಚಿಲಕ, ಆ ಸದ್ದು ಇನ್ನೂ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಹಾಗಿದೆ.

ಮೊದಲ ದಿನ ತನ್ನ ಸುಳ್ಳನ್ನು ತಾನೇ ನಂಬಿ ಎರಡು ಚಮಚೆ ತುಪ್ಪ ಕುಡಿಸಿದ, ಚಮೇಲಿ ನಾಲ್ಕು ಕಾಲು ಚಾಚಿ ಮಲಗಿತು, ಕಣ್ಣು ಮೇಲೆ, ಅಯ್ಯೋ ಹೋಯಿತು ಎಂದುಕೊಂಡಾಗ ಬೆಳಕಿಂಡಿಯ ಹೊರಗೆ ಸಗಣಿ ಬುಟ್ಟಿ ಇಳಿಸಿದ ಸದ್ದು, ಹೆಂಡತಿ ಮರೆಮ್ಮನ ದನಿ, ಹುಚ್ಚಪ್ಪಾ, ಒಣಗಿದ ಹೊಟ್ಟಿಗಿ ತುಪ್ಪ ಸುರೂತಾರೇನು, ನಮ್ಮ ಮಗಳು ಅಮೃತಾ ಜ್ವರದಿಂದ ಎದ್ದಾಗ ಹ್ಯಾಂಗ ಉಣಿಸಿದ್ನಿ ಮರ್ತೇನು, ನುಚ್ಚಿನ ಗಂಜಿ, ತೆಳ್ಳಗ, ಒಂದ ಚಮಚಿ, ಮತ್ತ ತಡದ ಒಂದ ಚಮಚಿ, ದಿನಕ್ಕ ಐದ ಸಲ, ಹೊಟ್ಟಿ ತಡಕೊಂಡ್ರ ನಾಳಿಗಿ ಒಂದ ಹೆಚ್ಚ, ತಡೀಲಿಲ್ಲಂದ್ರ ಹಿಂದಕ ಸರಿ, ಅವಸರಾ ಮಾಡಬ್ಯಾಡ. ಅವಸರ ಮಾಡಲಿಲ್ಲ. ನಾಲ್ಕನೆಯ ದಿನ ಮರೆಮ್ಮ ಬೆಳಕಿಂಡಿಯಿಂದ ಬಟ್ಟೆಯಲ್ಲಿ ಸುತ್ತಿ ಇಳಿಬಿಟ್ಟದ್ದು ಕುದಿಸಿದ ಕೋಳಿ ತತ್ತಿ, ಈ ಮನೆಯಲ್ಲಿ ಆ ಹೆಸರು ಹೇಳಿದರೂ ಬಾಯಿ ತೊಳೆಯಬೇಕು, ಗೊತ್ತಾದರೆ ಅವಳ ಗತಿ ಏನು, ಆದರೂ ಇಳಿಬಿಟ್ಟಳು, ಅವನು ಕಾಲು ಭಾಗ ಅನ್ನದಲ್ಲಿ ನಾದಿ ಬೆರಳ ತುದಿಯಿಂದ ತಿನ್ನಿಸಿದ, ಮರುದಿನ ಅರ್ಧ, ಸಿಪ್ಪೆಯೆಲ್ಲ ಹೊಟ್ಟಿನ ತಳಕ್ಕೆ. ಒಂಬತ್ತು ಎಲುಬು ಕಾಣುತ್ತಿದ್ದವು, ಏಳಾದವು, ಮೂರಾದವು, ಈಗ ಬೆರಳಾಡಿಸಿ ಹುಡುಕಬೇಕು, ಚಮೇಲಿಯವು ಒಂದೊಂದೇ ಒಳಗೆ ಹೋದ ಹಾಗೆ ಅವನವು ಒಂದೊಂದೇ ಹೊರಗೆ ಬಂದವು, ದಿನಕ್ಕೆ ಎರಡು ರೊಟ್ಟಿ ತಿಂದವನಿಗೆ ಇನ್ನೇನಾಗುತ್ತದೆ, ಬೇಗಂ ಸಾಹೇಬ್ರು ನಾಯಿನ ಒಯ್ದು ಸಾವಕಾರ್ರು ನಿನ್ನ ಬಿಟ್ರ ನಾ ಮನಿಗಿ ಏನ ಎತ್ತಿಕೊಂಡ ಹೋಗ್ಲಿ, ಎಲುಬಿನ ಗಂಟಾ ಎಂದು ನಕ್ಕಿದ್ದಳು ಮರೆಮ್ಮ, ನಿನ್ನೆ, ಇಲ್ಲ ಮೊನ್ನೆ, ನಕ್ಕಿದ್ದಳೋ ಅತ್ತಿದ್ದಳೋ, ಗೋಡೆಯ ಈಚೆಯಿಂದ ಎರಡೂ ಒಂದೇ —

ಚಿಲಕ ಸರಿಯಿತು. ಊಟದ ಹೊತ್ತಲ್ಲ, ಬಿಸಿಲು ಇನ್ನೂ ಕಿವಿಗೆ ಬಂದಿಲ್ಲ, ಬಾಗಿಲ ತುಂಬ ದೌಲತರಾಯರ ರುಮಾಲು, ಹಿಂದೆ ಸುಮಿತ್ರಾಬಾಯಿ, ಕೈಯಲ್ಲಿ ತವರಿನ ಬೆಳ್ಳಿ ಬಟ್ಟಲು. ಭಲೇ ಲೇ ಪೀರ್ಯಾ, ಎಲುಬೇ ಇಲ್ಲಲೋ ಇದಕ್ಕ, ನಾಳಿ ಮುಂಜಾನಿ ಬೇಗಂ ಸಾಹೇಬ್ರ ಮೋಟಾರ ಬರ್ತದ, ಇವತ್ತೊಂದ ದಿನ ಜೋರ ಉಣಿಸಿದ್ರ ಇನ್ನಾ ದುಂಡಗ ಆಗ್ತದ. ಬಟ್ಟಲಿನಲ್ಲಿ ಹೋಳಿಗೆ ತೇಲುತ್ತಿದೆ, ತುಪ್ಪದಲ್ಲಿ, ಅಂಚಿನವರೆಗೆ. ಸಾವಕಾರ್ರ ಬ್ಯಾಡ್ರಿ, ತುಪ್ಪ ತಡ್ಯಾಂಗಿಲ್ರಿ ಅದಕ್ಕ. ತುಪ್ಪ ತಡ್ಯಾಂಗಿಲ್ಲಾ, ಚೌಡಾಪುರದಾಗ ಗಡಗಿ ಗಡಗಿ ಕುಡಿಸಿದಾಂವ ನೀನೇ ಅಲ್ಲೇನ್ಲೇ. ಅದು ಸುಳ್ಳರಿ, ಖರೇನ ಸುಳ್ಳರಿ, ಆ ನಾಯೀನ ಇರಲಿಲ್ರಿ. ದೌಲತರಾಯರು ಈಗ ನಕ್ಕರು, ಅಂದು ನಗದೆ ಉಳಿಸಿಟ್ಟದ್ದನ್ನೆಲ್ಲ ನಕ್ಕರು, ಕೇಳಿದ್ಯಾ, ನಾಯಿ ಇರಲಿಲ್ಲಂತ, ಮತ್ತೊಂದ ಕಥಿ ಚಾಲೂ ಮಾಡಿದ. ಏನು ಹೇಳಲಿ, ತತ್ತಿ ಎಂದರೆ ಮರೆಮ್ಮ ಸಿಕ್ಕಿಬೀಳುತ್ತಾಳೆ, ಸುಮ್ಮನಿದ್ದರೆ ಚಮೇಲಿ ಬೆಳಗಾಗುವುದರೊಳಗೆ ಕಾಲು ಚಾಚುತ್ತದೆ, ನಾಳೆ ಅಮೀನರು. ಪೀರ್ಯಾ, ಹಿಂದಕ ಸರಿ ಎಂದರು ಸುಮಿತ್ರಾಬಾಯಿ, ಸರಿದ, ಬೆನ್ನಿಗೆ ಗೋಡೆ, ಅವನ ಕೈ ಸೋಕಿದ ನಾಯಿಗೆ ನಾಲ್ಕು ಹನಿ ಗೋಮೂತ್ರ ಚಿಮುಕಿಸಿ ಮನೆಯೊಳಗೆ ಒಯ್ಯುತ್ತಾರೆ, ಅವನ ಕೈ ಸೋಕಿದ ಬಟ್ಟಲಿಗೆ ಮಾತ್ರ ಯಾವ ಮದ್ದೂ ಇಲ್ಲ, ಅದು ಮತ್ತೆ ಹೊಸ್ತಿಲು ದಾಟುವುದಿಲ್ಲ, ಅವರು ಬಗ್ಗಿದರು, ಬಾ ನನ್ನ ಬಂಗಾರಾ, ಚಮೇಲಿ ಎದ್ದಿತು, ಮೂಗು ಅರಳಿತು, ನಾಲಿಗೆ ಹೊರಗೆ ಬಂತು — ಯಾವಾಗ ಗೋಡೆ ಬಿಟ್ಟನೋ ಅವನಿಗೇ ತಿಳಿಯದು, ಬಟ್ಟಲು ಅವನ ಕೈಯಲ್ಲಿದೆ, ಎರಡೂ ಕೈಯಲ್ಲಿ, ತಲೆಯ ಮೇಲೆ. ಸುಮಿತ್ರಾಬಾಯಿಯ ಬೆರಳು ಖಾಲಿ ಗಾಳಿಯನ್ನು ಹಿಡಿದು ನಿಂತಿವೆ, ಆ ಬೆರಳಿಗೆ ತನ್ನ ಬೆರಳು ಸೋಕಿತೇ, ಸೋಕಿತು, ದೌಲತರಾಯರ ನಗು ಬಾಯಲ್ಲೇ ತೆರೆದುಕೊಂಡಿದೆ, ದನಿ ಮಾತ್ರ ಇಲ್ಲ, ಕೆಳಗಿಟ್ಟರೆ ಚಮೇಲಿ ತಿನ್ನುತ್ತದೆ, ಕೊಟ್ಟರೆ ಯಾರೂ ತೆಗೆದುಕೊಳ್ಳುವುದಿಲ್ಲ, ಚೆಲ್ಲಿದರೆ ನಾಯಿ ನೆಲವನ್ನೂ ನೆಕ್ಕುತ್ತದೆ, ಬಿಸಿ ತುಪ್ಪ ಅಂಚು ದಾಟಿತು, ಮುಂಗೈಯಿಂದ ಇಳಿಯಿತು, ಮೊಣಕೈಯಲ್ಲಿ ಒಂದು ಹನಿ, ಕೆಳಗೆ ಚಮೇಲಿ ಹಿಂಗಾಲ ಮೇಲೆ ನಿಂತು ಬಾಯಿ ತೆರೆದಿದೆ, ಆ ಹನಿ, ಬೀಳಬೇಡ, ದೊಡ್ಡದಾಗುತ್ತಿದೆ, ಮೊಣಕೈಯಲ್ಲಿ ಆ ಹನಿ, ಬಿಸಿಲು ಹೊಕ್ಕು ಹಳದಿಯಾಗಿ, ಆ ಹನಿ —