ಮೂರೂರಿನ ಸಾಹೇಬರು

ಹೇರ್‌ಪಿನ್ನಿನ ತುದಿಯನ್ನು ಗಂಡನ ಹೆಬ್ಬೆರಳಿನ ಉಗುರಿನ ಸಂದಿಗೆ ತೂರಿಸಿ ಅವಳು ಮೆಲ್ಲಗೆ ಕೆರೆದಳು. ಕರಿ ಮಣ್ಣು ಒಂದು ಎಳೆಯಷ್ಟು ಬಂತು. ಉಳಿದದ್ದು ಜಪ್ಪಯ್ಯ ಅಂದರೂ ಕದಲಲಿಲ್ಲ. ಬದುಕಿದ್ದಾಗ ಬ್ರಷ್ಷು ಹಾಕಿ ಉಜ್ಜಿದರೂ ಹೋಗದ್ದು, ಸತ್ತ ಮೇಲೆ ಹೇರ್‌ಪಿನ್ನಿಗೆ ಬರುತ್ತದೆಯೇ? ಆದರೂ ಕೆರೆದಳು. ಹೊರಗೆ ಅಣ್ಣ ಬಂದು ಕೂತಿದ್ದ, ಅವನ ಕಣ್ಣಿಗೆ ಬೀಳುವುದರೊಳಗೆ ಆಗಬೇಕಿತ್ತು.

"ಏನ್ ಮಾಡ್ತಿದ್ದೀಯೇ ಅಲ್ಲಿ?" ಅತ್ತಿಗೆ ಬಾಗಿಲಿಗೆ ಬಂದು ನಿಂತಳು.

"ಉಗುರು ಬೆಳೆದಿತ್ತು, ಅತ್ತಿಗೆ."

ಅತ್ತಿಗೆ ಬಗ್ಗಿ ನೋಡಿದಳು. "ಅಲ್ವೇ, ಅಷ್ಟು ದೊಡ್ಡ ಹುದ್ದೇಲಿದ್ದೋರು. ಕೈ ನೋಡಿದ್ರೆ ಗುದ್ದಲಿ ಹಿಡಿದೋರ ಕೈ ಇದ್ದ ಹಾಗಿದೆ."

"ಹೂವಿನ ಗಿಡದ ಹುಚ್ಚಿತ್ತು ಅವರಿಗೆ."

ಆ ಮನೆಯ ಮುಂದೆ ಹೂವಿನ ಗಿಡ ಹೋಗಲಿ, ಒಡೆದ ಕುಂಡ ಕೂಡ ಇರಲಿಲ್ಲ. ಅತ್ತಿಗೆ ಹಾಗೇ ಕಿಟಕಿಯ ಕಡೆ ಒಮ್ಮೆ ನೋಡಿದಳು. ಇವಳು ಗಂಡನ ಎರಡೂ ಕೈಗಳನ್ನು ಬಿಳಿ ಹೊದಿಕೆಯ ಒಳಗೆ ಸೇರಿಸಿ ಅಂಚನ್ನು ಬಿಗಿಯಾಗಿ ಮಡಿಸಿದಳು.

ಹೊರಗೆ ಅಣ್ಣನ ಕಾರುಬಾರು ನಡೆದಿತ್ತು. ಬಾಡಿಗೆ ಕುರ್ಚಿಗಳನ್ನು ಸಾಲಾಗಿ ಹಾಕಿಸಿ, ಮುಂದಿನ ಸಾಲಿನ ಮೂರರ ಮೇಲೆ ಟವೆಲ್ಲು ಹಾಸಿದ್ದ. ಬಂದವರೆಲ್ಲ ಅವುಗಳನ್ನು ಬಳಸಿಕೊಂಡು ಹಿಂದೆ ಹೋಗಿ ಕೂರುತ್ತಿದ್ದರು.

"ಮೂರೂರಿನ ಅಧ್ಯಕ್ಷರಿಗೆ," ಎಂದು ಅಣ್ಣ ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ. "ನಮ್ಮ ಭಾವ ಮೂರೂರಿಗೂ ಒಬ್ರೇ ಅಧಿಕಾರಿ. ಅಧ್ಯಕ್ಷರು ಬರದೆ ಹೆಣ ಎತ್ತೋ ಹಾಗಿಲ್ಲ."

ಪಕ್ಕದ ಮನೆಯ ಅಜ್ಜಿ ಇವಳ ಮುಖ ನೋಡಿದಳು. ಬೀದಿಗೆಲ್ಲ ಗೊತ್ತಿದ್ದದ್ದು ಅಜ್ಜಿಗೆ ಗೊತ್ತಿರಲಿಲ್ಲವೇ? ಇವಳು ನೆಲ ನೋಡಿದಳು.

* * *

ಮೂರು ಊರುಗಳ ನಡುವೆ ಒಂದು ಗುಡ್ಡವಿತ್ತು. ದೇವರು ಮಾಡಿದ್ದಲ್ಲ, ಮೂರೂರಿನ ಜನ ಸೇರಿ ಸುರಿದು ಮಾಡಿದ್ದು. ತರಕಾರಿ ಸಿಪ್ಪೆ, ಹಳಸಿದ ಅನ್ನ, ಒಣಗಿದ ಎಲೆ ಎಲ್ಲ ಅಲ್ಲೇ ಕೊಳೆತು, ಒಳಗೊಳಗೇ ಹೊತ್ತಿಕೊಂಡು ಹೊಗೆಯಾಡುತ್ತಿತ್ತು. ಹೊಗೆ ಯಾವ ಊರಿನ ಮೇಲೆ ಹೋದರೂ ಅದು ಪಕ್ಕದ ಊರಿನ ಕಸದ್ದೇ ಎಂದು ಮೂರೂ ಕಡೆಯವರು ಸಾಧಿಸುತ್ತಿದ್ದರು. ಕೊನೆಗೆ ಸುರಿಯಲು ಜಾಗವೇ ಉಳಿಯದಾದಾಗ ಬುದ್ಧಿ ಬಂತು. ಒಂದೊಂದು ಊರಿಗೆ ಪ್ರತ್ಯೇಕ ಘಟಕ ಕಟ್ಟುವ ತ್ರಾಣವಿಲ್ಲ, ಮೂವರೂ ಪಾಲು ಹಾಕಿ ಒಂದು ಮಾಡೋಣ, ಹಸಿ ಕಸವೆಲ್ಲ ಅಲ್ಲಿ ಗೊಬ್ಬರವಾಗಲಿ, ಗುಡ್ಡಕ್ಕೆ ಹೋಗುವುದು ಬೇಡ ಎಂದು ಒಪ್ಪಂದವಾಯಿತು.

ಗೊಬ್ಬರದ ರಾಶಿ ಮಗುಚುವವರನ್ನು ನೋಡಿಕೊಳ್ಳಲು ಒಬ್ಬ ಬೇಕಿತ್ತು. ಇವಳ ಗಂಡನಿಗೆ ಆ ಕೆಲಸ ಸಿಕ್ಕಿತು. ನೋಡಿಕೊಳ್ಳುವುದು ಹೆಸರಿಗೆ, ಎಲ್ಲರ ಜೊತೆ ಅವನೂ ಮಗುಚುತ್ತಿದ್ದ.

ಅಣ್ಣ ಮದುವೆಯಲ್ಲೇ ಮುಖ ಸಿಂಡರಿಸಿದ್ದವನು. "ಇವನನ್ನ ಕಟ್ಕೊಂಡು ಏನು ಸುಖ ಕಾಣ್ತೀಯೋ ನೋಡ್ತೀನಿ" ಎಂದಿದ್ದ. ಆ ಮಾತು ಇವಳ ಗಂಟಲಲ್ಲಿ ಮುಳ್ಳಿನಂತೆ ಉಳಿದಿತ್ತು. ಕೆಲಸ ಸಿಕ್ಕ ದಿನ ಫೋನ್ ಮಾಡಿ, "ಮೂರೂರಿನವರೂ ಸೇರಿ ಇವರನ್ನ ನೇಮಿಸ್ಕೊಂಡಿದ್ದಾರೆ ಅಣ್ಣಾ, ಮೂರಕ್ಕೂ ಇವರೊಬ್ರೇ" ಎಂದಳು. ಅದರಲ್ಲಿ ಸುಳ್ಳೆಷ್ಟಿತ್ತು? ಅಷ್ಟೇನಿರಲಿಲ್ಲ. "ಅಧಿಕಾರೀನಾ?" ಎಂದು ಅಣ್ಣ ಕೇಳಿದ. "ಹೂಂ" ಎಂದಳು. ಆ ಒಂದು ‘ಹೂಂ’ನಿಂದ ಮುಂದಿನದೆಲ್ಲ ಸುಳ್ಳು.

ಫೋನಿಟ್ಟು ತಿರುಗಿದರೆ ಗಂಡ ತಲೆ ಒರೆಸಿಕೊಳ್ಳುತ್ತ ಹಿಂದೆಯೇ ನಿಂತಿದ್ದ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಬಿಡು, ಸುಳ್ಳೇನಲ್ಲ," ಎಂದ ಅವನು. "ಮೂರೂರಿನ ಸಿಪ್ಪೆಯೂ ನನ್ನ ಕೈ ಕೆಳಗೇ ಅಲ್ವಾ."

* * *

ಬಿಸಿಲು ಅಂಗಳದ ನಡುವೆ ಬಂದರೂ ಅಧ್ಯಕ್ಷರು ಬರಲಿಲ್ಲ. ಅಣ್ಣ ತಾಳ್ಮೆಗೆಟ್ಟು ಪುರಸಭೆಗೆ ಫೋನ್ ಹಚ್ಚಿದ.

"ನಿಮ್ಮ ಜಂಟಿ ಅಧಿಕಾರಿಗಳು ತೀರ್ಕೊಂಡಿದ್ದಾರೆ. ಅಧ್ಯಕ್ಷರು ಹೊರಟ್ರಾ? ಏನು? ಯಾವ ಅಧಿಕಾರಿ ಅಂದ್ರೆ..."

ಅವಳು ಎದ್ದು ಹೋಗಿ ಅವನ ಕೈಯಿಂದ ಫೋನು ತೆಗೆದುಕೊಂಡಳು. "ನಾನು ಮಾತಾಡ್ತೀನಿ ಅಣ್ಣಾ." ಹಿತ್ತಲಿನ ಕಡೆ ನಡೆದಳು.

"ಓ, ಗೊಬ್ಬರದ ಘಟಕದವರಾ?" ಅತ್ತ ಕಡೆಯ ಗುಮಾಸ್ತ ಹೇಳಿದ. "ಪಾಪ, ಒಳ್ಳೆ ಮನುಷ್ಯ. ಆದ್ರೆ ನೋಡಿ ತಾಯಿ, ಈ ವರ್ಷ ಘಟಕದ ಉಸ್ತುವಾರಿ ನಡುವಿನ ಊರಿನದು. ಹಾರಗೀರ ಏನಿದ್ರೂ ಅವರೇ ಕಳಿಸ್ಬೇಕು."

ನಡುವಿನ ಊರಿಗೆ ಮಾಡಿದಳು. ಅವನು ನಮ್ಮ ಊರಿನವನಲ್ಲವಲ್ಲ, ವಾಸವಿದ್ದ ಊರಿನವರು ನೋಡಿಕೊಳ್ಳುವುದು ಪದ್ಧತಿ ಎಂದರು. ಮೂರನೆಯ ಊರಿನವರು, ಅವರಿಬ್ಬರೂ ಹೋಗಿರುತ್ತಾರೆ, ನಾವು ಬೇರೆ ಯಾಕೆ ಎಂದರು. ಕಸಕ್ಕೆ ಪಾಲು ಹಾಕಿದವರಿಗೆ ಒಂದು ಸಾವಿಗೆ ಪಾಲು ಹಾಕಲು ಗೊತ್ತಾಗಲಿಲ್ಲ. ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಿರಾಳ. ಸದ್ಯ, ಯಾರೂ ಬರುವುದಿಲ್ಲ. ಗಂಡನ ಹೆಣ ಒಳಗಿರುವಾಗ ತನಗೆ ನಿರಾಳವಾಯಿತಲ್ಲ ಎಂದು ಹಿತ್ತಲಿನ ಗೋಡೆ ಹಿಡಿದು ನಿಂತಳು.

"ಏನಂತೆ?" ಅಣ್ಣ ಕೇಳಿದ.

ಬರುವುದಿಲ್ಲವಂತೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಯಾಕೆ ಬರುವುದಿಲ್ಲ ಎಂದು ಅವನು ಕೇಳುತ್ತಾನಲ್ಲ. "ದಾರೀಲಿದ್ದಾರಂತೆ," ಎಂದು ಬಾಯಿಗೆ ಬಂತು.

ಹಾಗಾಗಿ ಹೆಣ ಇನ್ನೂ ಕಾಯಿತು.

ಆ ಹೊತ್ತಿಗೇ ಬೀದಿಯ ತಿರುವಿನಲ್ಲಿ ಲಾರಿಯೊಂದು ಬಂದು ನಿಂತಿತು. ಹಸಿರು ಲಾರಿ. ಬಾಗಿಲಿನ ಮೇಲೆ ಮೂರೂ ಊರಿನ ಹೆಸರು ಒಂದರ ಕೆಳಗೊಂದು. ಅದರಿಂದ ಏಳೆಂಟು ಜನ ಇಳಿದರು, ಇಳಿದವರು ಮುಂದೆ ಬರಲಿಲ್ಲ. ಅವರ ಕೂದಲು ಒದ್ದೆಯಿತ್ತು, ಅಂಗಿಗಳಲ್ಲಿ ಪೆಟ್ಟಿಗೆಯಲ್ಲಿಟ್ಟ ಮಡಿಕೆ ಕಾಣುತ್ತಿತ್ತು. ಅವರ ನಡುವೆ ಗೊಬ್ಬರ ಜರಡಿ ಹಿಡಿಯುವ ಹೆಂಗಸನ್ನು ಅವಳು ತಕ್ಷಣ ಗುರುತಿಸಿದಳು. ಎಲ್ಲರೂ ಅವಳನ್ನು ಜರಡಿಯಕ್ಕ ಎನ್ನುತ್ತಿದ್ದರು.

"ಅದ್ಯಾವನೋ ಅವ್ನು, ಕಸದ ಲಾರಿ ತಂದು ಬಾಗಿಲಲ್ಲಿ ನಿಲ್ಲಿಸಿರೋದು?" ಅಣ್ಣ ಎದ್ದ. "ಅಧ್ಯಕ್ಷರ ಕಾರು ಬರೋ ದಾರಿ ಅದು. ತೆಗಿಸ್ತೀನಿ ಇರು."

ಅವಳು ಬಾಯಿ ತೆರೆದಳು, ಮುಚ್ಚಿದಳು. ಅಣ್ಣ ಹೋಗಿ ಕೈ ಬೀಸಿ ಏನೋ ಹೇಳಿದ. ಲಾರಿ ಹಿಂದೆ ಸರಿದು ಮರದ ಮರೆಗೆ ಹೋಯಿತು.

"ಎಷ್ಟು ವಿನಯದ ಜನ ನೋಡು," ಅಣ್ಣ ವಾಪಸು ಬಂದು ಕೈ ಒರೆಸಿಕೊಂಡ. "ಹೇಳಿದ ತಕ್ಷಣ ಸರಿದ್ರು."

ಅಜ್ಜಿ ಎದ್ದು ಬಂದು ಟವೆಲ್ಲು ಹಾಸಿದ್ದ ನಡುವಿನ ಕುರ್ಚಿಯ ಮೇಲೆ ಕುಕ್ಕರಿಸಿದಳು.

"ಅಜ್ಜೀ, ಅದು ಅಧ್ಯಕ್ಷರದ್ದು," ಎಂದ ಅಣ್ಣ.

"ಬರ್ಲಿ, ಏಳ್ತೀನಿ. ಅವರು ಬರೋ ಹೊತ್ತಿಗೆ ಒಳಗಿರೋನೇ ಎದ್ದು ಬಂದು ಬಾಗಿಲು ತೆಗೀಬಹುದು." ಆಮೇಲೆ ಇವಳ ಕಡೆ ತಿರುಗಿ ದನಿ ತಗ್ಗಿಸಿದಳು. "ಸಾಕು ಮಗಳೇ. ಅವನನ್ನ ಎಷ್ಟು ಹೊತ್ತು ಹಾಗೇ ಮಲಗಿಸಿರ್ತೀಯ? ಕಾಯ್ಬೇಕಾದೋರು ಅಲ್ಲಿ ಮರದ ಹಿಂದೆ ಕಾಯ್ತಿದ್ದಾರೆ."

* * *

ಜರಡಿಯಕ್ಕ ಒಂದೇ ಒಂದು ಸಲ ಈ ಮನೆಯ ಬಾಗಿಲಿಗೆ ಬಂದಿದ್ದಳು. ಅಣ್ಣ ಅತ್ತಿಗೆ ಬಂದು ಒಳಗೆ ಟೀ ಕುಡಿಯುತ್ತಿದ್ದ ಹೊತ್ತು.

"ಮೂರೂರಣ್ಣ ಇದ್ದಾರಾ? ಮೊದಲನೇ ರಾಶಿ ಇವತ್ತು ಹದಕ್ಕೆ ಬಂತು. ಕೈಯಲ್ಲಿ ಹಿಡಿದ್ರೆ ಅರಳು ಅರಳಾಗಿ ಉದುರ್ತಿದೆ. ಅತ್ತಿಗೆಮ್ಮಾ, ನಿಮಗೆ ಮೊದಲು ಕೊಡೋಣ ಅಂತ ತಂದ್ವಿ," ಎಂದು ಒಂದು ಚೀಲವನ್ನು ಮುಂದೆ ಹಿಡಿದಿದ್ದಳು. ಮುಖ ತುಂಬ ನಗು.

"ಮನೆ ತಪ್ಪಿ ಬಂದಿದ್ದೀರಿ," ಎಂದಳು ಇವಳು. "ಆ ಥರದೋರು ಯಾರೂ ಇಲ್ಲ ಇಲ್ಲಿ."

ಒಳಗಿನ ಕೋಣೆಯಲ್ಲಿ ಗಂಡ ಇದ್ದ, ಕೇಳಿಸಿಕೊಂಡಿದ್ದ. ಅಣ್ಣ ಹೋದ ಮೇಲೆ ಊಟಕ್ಕೆ ಕೂತ, ತಲೆ ತಗ್ಗಿಸಿ ಉಂಡ, ತಟ್ಟೆ ತಾನೇ ತೊಳೆದಿಟ್ಟ.

"ಹೇಳ್ತೀನಿ ಅವರಿಗೆ," ಎಂದ. "ಇನ್ನು ಯಾರೂ ಬರಲ್ಲ."

ಬೈಯಬಾರದಿತ್ತೇ ಮಾರಾಯ? ಬೈದಿದ್ದರೆ ಇವಳೂ ನಾಲ್ಕು ಮಾತಾಡಿ, ಅತ್ತು, ಹಗುರಾಗುತ್ತಿದ್ದಳು. ಅವನು ಬೈಯಲಿಲ್ಲ. ಅವತ್ತಿನಿಂದ ಲಾರಿ ಅವನನ್ನು ಬೀದಿಯ ತಿರುವಿನಲ್ಲೇ ಇಳಿಸಿ ಹೋಗುತ್ತಿತ್ತು.

ನಿನ್ನೆ ಬೆಳಿಗ್ಗೆ ಅವನು ಕುಸಿದದ್ದು ಎರಡು ರಾಶಿಗಳ ನಡುವೆ. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಯವರೆಗೂ ಲಾರಿಯ ಹಿಂದೆ ಕೂತು ಬಂದವಳು ಜರಡಿಯಕ್ಕ. ಇದನ್ನು ಆಸ್ಪತ್ರೆಯ ದಾದಿ ಇವಳಿಗೆ ಹೇಳಿದಳು. ಇವಳು ಬರುವ ಹೊತ್ತಿಗೆ ಅವರೆಲ್ಲ ಹೊರಟುಹೋಗಿದ್ದರು. ಅಣ್ಣನಿಗೆ ಇವಳು ಹೇಳಿದ್ದು, "ಆಫೀಸಿನಲ್ಲಿ, ಕುರ್ಚಿ ಮೇಲೆ ಕೂತಲ್ಲೇ" ಎಂದು.

* * *

"ಎತ್ತಿ," ಎಂದಳು ಅವಳು. "ಯಾರೂ ಬರೋದು ಬೇಡ. ಎತ್ತಿಬಿಡಿ."

ಅಣ್ಣ ಗೊಣಗಿದ, ಆದರೂ ಮುಂದಿನ ಹೆಗಲು ತಾನೇ ಕೊಟ್ಟ. ಬೀದಿಯ ನಾಲ್ಕು ಜನ ಕೈ ಸೇರಿಸಿದರು. ಸ್ಮಶಾನ ದೂರವಿರಲಿಲ್ಲ. ಅವಳು ಅಜ್ಜಿಯ ತೋಳು ಹಿಡಿದು ಹಿಂದೆ ನಡೆದಳು. ತಿರುವು ಹತ್ತಿರವಾಯಿತು. ಹೇಳಿಬಿಡಬೇಕು. ಇವರು ಅವರ ಜನ, ಹೆಗಲು ಕೊಡಬೇಕಾದವರು ಇವರು ಎಂದುಬಿಡಬೇಕು. ಅಣ್ಣ ಏನಂದುಕೊಂಡರೂ ಅಂದುಕೊಳ್ಳಲಿ. ಇವತ್ತು ಹೇಳದಿದ್ದರೆ ಇನ್ನು ಯಾವತ್ತು?

ಮರದ ಕೆಳಗೆ ಅವರೆಲ್ಲ ಸಾಲಾಗಿ ನಿಂತಿದ್ದರು. ಹೆಣ ಎದುರಿಗೆ ಬಂದಾಗ ಒಬ್ಬ ಮುದುಕ ಒಂದು ಹೆಜ್ಜೆ ಮುಂದಿಟ್ಟು ಹಿಂದಕ್ಕೆ ಸರಿದ.

"ಅಣ್ಣಾ, ನಿಲ್ಲಿ ಸ್ವಲ್ಪ," ಎಂದಳು ಅವಳು. ಎಲ್ಲರೂ ನಿಂತರು. "ಇವರು... ಇವರು ನಮ್ಮ ಯಜಮಾನರ..."

"ಯಾರು ಇವರು? ನಿಂಗೆ ಗೊತ್ತಾ?" ಅಣ್ಣ ಹೆಗಲ ಭಾರದ ಕೆಳಗಿಂದಲೇ ತಿರುಗಿ ನೋಡಿದ.

ಮುಂದಿನ ಮಾತು ನಾಲಿಗೆಯ ಮೇಲಿತ್ತು. ಅದನ್ನು ಆಡಲು ಅವಳು ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ಜರಡಿಯಕ್ಕ ಅವಳ ಮುಖ ನೋಡಿದಳು. ಅತ್ತು ಕೆಂಪಾಗಿದ್ದ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ.

"ಇಲ್ಲ ಸ್ವಾಮಿ," ಎಂದಳು ಜರಡಿಯಕ್ಕ ಅಣ್ಣನಿಗೆ. "ನಮಗೆ ಅವರ ಪರಿಚಯ ಇಲ್ಲ. ದಾರೀಲಿ ಹೆಣ ಬಂತಲ್ಲ, ಅದಕ್ಕೆ ನಿಂತ್ವಿ. ನೀವು ನಡೀರಿ."

ಅಜ್ಜಿಯ ಬೆರಳುಗಳು ಅವಳ ತೋಳನ್ನು ಚಿವುಟಿದವು. ಹೇಳು ಎಂದು. ಈಗಲಾದರೂ ಹೇಳು ಎಂದು.

"ಪಾಪ, ಒಳ್ಳೆ ಸಂಸ್ಕಾರದ ಜನ," ಎಂದ ಅಣ್ಣ. "ನಡೀರಿ, ಹೊತ್ತಾಯ್ತು."

ಅವಳು ನಡೆದಳು. ಎಳೆದುಕೊಂಡ ಉಸಿರು ಹಾಗೇ ಹೊರಗೆ ಹೋಯಿತು. ಅಜ್ಜಿ ಅವಳ ತೋಳು ಬಿಟ್ಟು ಬೇರೆಯಾಗಿ ನಡೆಯತೊಡಗಿದಳು. ಹಿಂದೆ ಲಾರಿ ಹೊರಟ ಸದ್ದು ಕೇಳಿಸಿತು, ಅವಳು ತಿರುಗಿ ನೋಡಲಿಲ್ಲ.

ಸ್ಮಶಾನದಲ್ಲಿ ಗುಂಡಿ ಸಿದ್ಧವಿತ್ತು. ಹೆಣ ಇಳಿಸಿದರು. ಅಣ್ಣ ದೊಡ್ಡ ದನಿಯಲ್ಲಿ ಭಾವನ ಗುಣಗಾನ ಮಾಡಿದ. ಮೂರು ಊರನ್ನು ಒಬ್ಬನೇ ಆಳಿದ ಮನುಷ್ಯ ಎಂದ. ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬೊಬ್ಬರಾಗಿ ಮಣ್ಣು ಹಾಕಿದರು. ಅವಳ ಸರದಿ ಬಂದಾಗ ಬಗ್ಗಿ ಒಂದು ಹಿಡಿ ತೆಗೆದುಕೊಂಡಳು. ಏಳುವಾಗ ಕಂಡಿತು. ರಸ್ತೆಯ ಕಡೆಯ ಮೋಟು ಗೋಡೆಯ ಆಚೆ, ಕೂಗಿದರೂ ಕೇಳಿಸದಷ್ಟು ದೂರದಲ್ಲಿ, ಹಸಿರು ಲಾರಿ ನಿಂತಿತ್ತು. ಅದರ ಮೇಲೆ ಅವರೆಲ್ಲ ಕತ್ತು ಉದ್ದ ಮಾಡಿ ನೋಡುತ್ತ ನಿಂತಿದ್ದರು.

ಇದ್ದಕ್ಕಿದ್ದಂತೆ ಗಾಳಿ ತಿರುಗಿತು. ಲಾರಿಯ ಹಸಿ ಕಸದ ವಾಸನೆ ಹೊತ್ತು ರಸ್ತೆಯ ಕಡೆಯಿಂದ ಗೋರಿಗಳ ಕಡೆಗೆ ಬೀಸತೊಡಗಿತು. ಲಾರಿಯ ಮೇಲೆ ಜರಡಿಯಕ್ಕ ಕೈ ಎತ್ತಿ ಗಾಳಿ ನೋಡಿದಳು, ಆಮೇಲೆ ಚಾಲಕನ ಕಡೆಯ ತಗಡನ್ನು ಎರಡು ಸಲ ತಟ್ಟಿದಳು. ಲಾರಿ ಮೆಲ್ಲಗೆ ಹಿಂದಕ್ಕೆ ಸರಿದು, ಗೋಡೆಯನ್ನು ಬಳಸಿ, ಅವರಿಗೆ ಏನೂ ಕಾಣದ ಆ ಬದಿಗೆ ಹೋಗಿ ನಿಂತಿತು.