ಕೆರೆಗೆ ಬಿದ್ದ ಕಾಲು

ನನ್ನ ಎಡಗಾಲು ಕೆರೆಗೆ ಬಿದ್ದದ್ದು ನಮ್ಮನೆಯವರು ಫೋಟೊ ತೆಗೆಯಲೆಂದು ದೋಣಿಯಲ್ಲಿ ಎದ್ದು ನಿಂತಾಗ. ಕಾಲು ಎಂದರೆ ಕೃತಕ ಕಾಲು. ಮೊಣಕಾಲಿನ ಕೆಳಗೆ ಸಿಕ್ಕಿಸಿಕೊಳ್ಳುವ ಬಟ್ಟಲು, ಅದಕ್ಕೊಂದು ಉಕ್ಕಿನ ಕೊಳವೆ, ತುದಿಯಲ್ಲಿ ನೀಲಿ ಬೂಟು ತೊಟ್ಟ ಪಾದ. ಸೆಖೆಗೆ ಒಳಗೆಲ್ಲ ತುರಿಸುತ್ತಿತ್ತೆಂದು ಬಿಚ್ಚಿ ಅಂಚಿನ ಹಲಗೆಯ ಮೇಲಿಟ್ಟಿದ್ದೆ. ದೋಣಿ ವಾಲಿತು, ಕಾಲು ಗುಳುಂ ಎಂದಿತು. ಇವರ ತಂಪು ಕನ್ನಡಕವೂ ಅದರ ಹಿಂದೆಯೇ ಹೋಯಿತು.

ನನ್ನದು ನಿಂತು ಮಾಡುವ ಕೆಲಸ, ಹೆಂಗಸರ ಕೂದಲು ಕತ್ತರಿಸುತ್ತೇನೆ. ವರ್ಷಗಟ್ಟಲೆ ಇನ್ನೊಬ್ಬರ ಅಂಗಡಿಯಲ್ಲಿ ದುಡಿದು, ಈಗಷ್ಟೇ ಸ್ವಂತದ್ದೊಂದು ಕುರ್ಚಿ, ಕನ್ನಡಿ ಇಟ್ಟುಕೊಂಡಿದ್ದೆ. ಅಳತೆ ಕೊಟ್ಟು ಹೊಸ ಕಾಲು ಮಾಡಿಸಲು ತಿಂಗಳುಗಳೇ ಬೇಕು. ಅಷ್ಟು ದಿನ ಬಾಗಿಲು ಹಾಕಿದರೆ ಗಿರಾಕಿಗಳು ಎದುರಿನ ಅಂಗಡಿಯಲ್ಲಿ ಕೂತು ಅಲ್ಲೇ ಬೇರೂರಿಬಿಡುತ್ತಾರೆ. ಕೂದಲು ಯಾರಿಗಾಗಿ ಕಾಯುತ್ತದೆ?

ಮರುದಿನ ಇವರು ಕೆರೆಯ ತಳ ಹುಡುಕುವುದನ್ನೇ ಕಸುಬಾಗಿಸಿಕೊಂಡ ಒಬ್ಬ ಅಕ್ಕ-ತಮ್ಮನನ್ನು ಕರೆಸಿದರು. ಅವರ ಹಳದಿ ಯಂತ್ರ ನಮ್ಮ ಮನೆಯ ಕುಕ್ಕರಿನಷ್ಟು ದೊಡ್ಡದು. ಮುಂದೆ ಎರಡು ದೀಪ, ಒಂದು ಕ್ಯಾಮೆರಾ, ಒಂದು ಕೊಂಡಿ. ಅದನ್ನು ಅವರು 'ಏಡಿ' ಎನ್ನುತ್ತಿದ್ದರು. ಅಕ್ಕ ಛತ್ರಿಯ ಕೆಳಗೆ ಕೂತು ಪರದೆ ನೋಡುತ್ತಾ ಏಡಿಯನ್ನು ನಡೆಸಿದರೆ, ತಮ್ಮ ವೈರು ಬಿಡುತ್ತಾ ಹಗ್ಗ ಎಳೆಯುತ್ತಿದ್ದ. ನಾನು ಊರುಗೋಲು ಹಿಡಿದು ದಡದ ಕುರ್ಚಿಯಲ್ಲಿ ಕುದಿಯುತ್ತಿದ್ದೆ.

ಅವರದೊಂದು ಕಟ್ಟಳೆ ಇತ್ತು. ಏಡಿಯ ಕೊಂಡಿಗೆ ಸಿಕ್ಕಿದ ಕಸ ಮತ್ತೆ ನೀರಿಗೆ ಹೋಗಕೂಡದು. ಹಾಗಾಗಿ ಮೊದಲು ಬಂದದ್ದು ಟೈರು, ಆಮೇಲೆ ಕೊಡೆಯ ಎಲುಬುಗೂಡು, ಆಮೇಲೆ ಕಾಲು ಮುರಿದ ಕುರ್ಚಿ. ಒಂದೊಂದು ಎತ್ತಿದಾಗಲೂ ಕೆಸರು ಕದಡಿ ಪರದೆಯೆಲ್ಲ ಚಹಾ ಬಣ್ಣಕ್ಕೆ ತಿರುಗುತ್ತಿತ್ತು. ನೀರು ತಿಳಿಯಾಗುವವರೆಗೆ ಎಲ್ಲರೂ ಸುಮ್ಮನೆ ಕೂರಬೇಕು. ನನಗೋ ಮೂಗಿನ ತುದಿಯಲ್ಲೇ ಕೋಪ.

ಅಷ್ಟರಲ್ಲಿ ಪಾಚಿ ಮೆತ್ತಿದ ದೊಡ್ಡ ಉಂಡೆಯೊಂದು ಹಗ್ಗಕ್ಕೆ ಜೋತುಬಿತ್ತು.

"ಹಳೇ ಮೀನಿನ ಬಲೆ ಅಕ್ಕಾ, ಸಿಕ್ಕಾಪಟ್ಟೆ ಭಾರ ಇದೆ," ಎಂದ ತಮ್ಮ.

ನನಗೆ ತಡೆಯಲಾಗಲಿಲ್ಲ. "ಅದನ್ನ ಅಲ್ಲೇ ಬಿಟ್ಟಾಕಿ! ನನ್ನ ಕಾಲು ಹುಡುಕಿ ಅಂದ್ರೆ ಊರ ಕಸ ಎಲ್ಲಾ ಎತ್ತುತ್ತಾ ಕೂತಿದ್ದೀರಲ್ಲ!"

ಅಕ್ಕ ಪರದೆಯಿಂದ ಕಣ್ಣು ಕೀಳದೆ ಹೇಳಿದರು, "ಬಿಟ್ರೆ ನಾಳೆ ಮೀನು ಸಿಕ್ಕಾಕ್ಕೊಂಡು ಸಾಯ್ತವೆ ತಾಯಿ. ಬೈಯೋದಿದ್ರೆ ಬೈರಿ, ಬಲೆ ಮಾತ್ರ ಮೇಲೆ ಬರುತ್ತೆ."

ನಾನು ಬೈದೆ. ಬಲೆ ಮೇಲೆ ಬಂತು. ಒದ್ದೆ ಬಲೆಗೆ ಅವರು ಕೈ ಹಾಕುವುದಿಲ್ಲ, ಪಾಚಿಯೊಳಗಿನ ಗಾಳ ಕಾಣದೆ ಬೆರಳಿಗೆ ನಾಟುತ್ತದಂತೆ. ಒಣಗಿದ ಮೇಲೆ ಕತ್ತರಿಸೋಣವೆಂದು ಅದನ್ನು ನನ್ನ ಕುರ್ಚಿಯ ಪಕ್ಕದಲ್ಲೇ ಉರುಳಿಸಿದರು.

ಮಧ್ಯಾಹ್ನ ಕಳೆಯಿತು. ಏಡಿ ಇವರ ತಂಪು ಕನ್ನಡಕವನ್ನು ಎತ್ತಿಕೊಂಡು ಬಂತು. ಇವರು ಅದನ್ನು ಒರೆಸಿ ಹಾಕಿಕೊಂಡು, ನನ್ನ ಮುಖ ನೋಡಿ ತಕ್ಷಣ ತೆಗೆದರು.

"ಕನ್ನಡಕ ಇಲ್ಲೇ ಇದೆ ಅಂದ್ರೆ ಕಾಲೂ ಇಲ್ಲೇ ಇರ್ಬೇಕಲ್ಲ," ಎಂದು ಅಕ್ಕ ಮತ್ತೆ ಮತ್ತೆ ಅದೇ ಜಾಗ ಜಾಲಾಡಿದರು. ಅವರ ಧ್ವನಿ ಸಣ್ಣದಾಗಿತ್ತು. ನನಗೆ ಕೋಪ ಹೋಗಿ ಭಯ ಶುರುವಾಯಿತು. ನನ್ನ ಅಂಗಡಿಯ ಕನ್ನಡಿಗೆ ಧೂಳು ಕೂರುವುದು ಕಣ್ಣಿಗೆ ಕಟ್ಟಿತು.

ಕೈ ಸುಮ್ಮನಿರಲಿಲ್ಲ. ಸಿಕ್ಕುಗಟ್ಟಿದ್ದೇನನ್ನು ಕಂಡರೂ ನನಗೆ ಬೆರಳು ತುರಿಸುತ್ತದೆ. ಚೀಲದಿಂದ ಬಾಚಣಿಗೆ, ಕತ್ತರಿ ತೆಗೆದು ಬಲೆಯನ್ನು ಹತ್ತಿರ ಎಳೆದುಕೊಂಡೆ.

"ಗಾಳ ಇರುತ್ತೆ ಅಕ್ಕೋರೇ, ಕೈ ಹಾಕ್ಬೇಡಿ!" ಎಂದ ತಮ್ಮ.

"ನಾನು ಬಿಡಿಸಿರೋ ಜಡೆಗಳನ್ನ ನೀನು ನೋಡಿಲ್ಲಪ್ಪ," ಎಂದೆ.

ಸಿಕ್ಕು ಬಿಡಿಸುವಾಗ ತುದಿಯಿಂದ ಹೋಗಬೇಕು, ಬುಡಕ್ಕೆ ಕೈ ಹಾಕಬಾರದು. ಬಾಚಣಿಗೆಯ ಹಲ್ಲಿನಿಂದ ಪಾಚಿ ಸರಿಸಿ, ಗಾಳ ಕಂಡಲ್ಲಿ ಸುತ್ತ ಕತ್ತರಿಸಿ, ಎಳೆ ಎಳೆಯಾಗಿ ಬಿಡಿಸುತ್ತಾ ಒಳಗೆ ಹೋದೆ. ಕೆಸರಿನ ನಡುವೆ ನೀಲಿ ಲೇಸು ಕಂಡಿತು. ಲೇಸಿನ ಹಿಂದೆ ಬೂಟು. ಬೂಟಿನ ಹಿಂದೆ ನನ್ನ ಕಾಲು. ತಳದಲ್ಲಿ ಬಲೆಯ ಮೇಲೆ ಬಿದ್ದಿದ್ದ ಕಾಲನ್ನು, ಎತ್ತುವಾಗ ಬಲೆ ಸುತ್ತಿಕೊಂಡುಬಿಟ್ಟಿತ್ತು.

ಮಗುವನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ಕೇಳಿ ಎಷ್ಟು ಸಲ ನಕ್ಕಿದ್ದೆನೋ! ಬಲೆ ದಡಕ್ಕೆ ಬಂದಾಗಿನಿಂದ ನಾನು ಊರುಗೋಲು ಒರಗಿಸಿದ್ದದ್ದೇ ಆ ಉಂಡೆಗೆ. ಇವರು ನಕ್ಕರು, ಆಮೇಲೆ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಕಾಲು ತೊಳೆದು, ಒರೆಸಿ, ಹಾಕಿಕೊಂಡೆ. ಬೂಟು ಪಚಪಚ ಎನ್ನುತ್ತಿತ್ತು. ಹಾಗೇ ನಡೆದು ಅಕ್ಕನ ಬಳಿ ಹೋಗಿ ಅವರ ಎರಡೂ ಕೈ ಹಿಡಿದುಕೊಂಡೆ.

"ನಾನು ಬಿಟ್ಟಾಕಿ ಅಂತ ಬಡ್ಕೊಂಡೆ. ನೀವು ಬಿಡಲಿಲ್ವಲ್ಲ," ಎಂದೆ.

"ಒಳಗೆ ನಿಮ್ಮ ಕಾಲಿದೆ ಅಂತ ನಮಗೇನು ಗೊತ್ತಿತ್ತು?" ಅಕ್ಕ ನಕ್ಕರು. "ಮೀನಿಗೆ ಅಂತ ಎತ್ತಿದ್ದು."

ಮರುದಿನ ಅಂಗಡಿಯ ಬಾಗಿಲು ಎಂದಿನ ಹೊತ್ತಿಗೇ ತೆರೆಯಿತು. ಕುರ್ಚಿಯಲ್ಲಿ ಮೊದಲು ಕೂತವರು ಅಕ್ಕ, ನಾನೇ ಜುಲುಮೆ ಮಾಡಿ ಕರೆಸಿದ್ದೆ. ಅವರ ಕೂದಲಲ್ಲಿ ಇನ್ನೂ ಕೆರೆಯ ಕೆಸರಿತ್ತು. ಬಾಚಣಿಗೆ ಹಿಡಿದು ತುದಿಯಿಂದ ಬಿಡಿಸುತ್ತಾ ಹೋದೆ, ಎರಡೂ ಕಾಲ ಮೇಲೆ ನಿಂತು.